ಮೂರು ಸಲ ಕೂಗಿದ ಹೆಸರು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನಮ್ಮ ಕೋರ್ಟ್ ಹಾಲಿನ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು, ಹಾಗಾಗಿ ಹನ್ನೊಂದು ಐದು ಎಂದರೂ ನಾನು ಜಗಳಕ್ಕೆ ಬರುವುದಿಲ್ಲ. ಆ ಹೊತ್ತಿಗೆ ನಾನು ಹೊಸ್ತಿಲ ಮೇಲೆ ನಿಂತು, ಪೇಟ ಸರಿಮಾಡಿಕೊಂಡು, ಎದೆ ತುಂಬ ಗಾಳಿ ಎಳೆದುಕೊಂಡು, ಹನ್ನೊಂದು ವರ್ಷದ ಒಂದು ಹುಡುಗಿಯ ಹೆಸರನ್ನು ಅಪ್ಪನ ಹೆಸರು ಮತ್ತು ಊರಿನ ಸಮೇತ ಮೂರು ಸಲ ಕೂಗಿದೆ. ವರಾಂಡದಲ್ಲಿ ಜನ ತುಂಬಿದ್ದರು. ಎಲ್ಲರಿಗೂ ಕೇಳಿಸಿತು. ಕೇಳಿಸಲೆಂದೇ ನನಗೆ ಸಂಬಳ ಕೊಡುತ್ತಿದ್ದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರನ್ನೂ ಬರೆಯುವುದಿಲ್ಲ, ಹರಿಹರದಿಂದಾಚೆ ಎಂದಷ್ಟು ಇಟ್ಟುಕೊಳ್ಳಿ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಅದನ್ನು ಮೂರು ಸಲ ಹೇಳಿದ್ದು ಸಾಕು.

ನಾನು ದಾವಣಗೆರೆಯ ಒಂದು ಕೋರ್ಟಿನಲ್ಲಿ ದಫೇದಾರನಾಗಿದ್ದೆ. ಬಿಳಿ ಉಡುಪು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ, ತಲೆಗೆ ಪೇಟ. ನ್ಯಾಯಾಧೀಶರು ಬರುವಾಗ ಮುಂದೆ ನಡೆಯುವುದು, ಕಕ್ಷಿದಾರರನ್ನೂ ಸಾಕ್ಷಿಗಳನ್ನೂ ಬಾಗಿಲಲ್ಲಿ ನಿಂತು ಕೂಗಿ ಕರೆಯುವುದು ನನ್ನ ಕೆಲಸ. ನಿವೃತ್ತನಾದ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಒಬ್ಬ ಎಂ.ಕಾಂ., ಇನ್ನೊಬ್ಬ ಬಿ.ಎಸ್ಸಿ. "ಅಂಕಲ್, ಕೆಲಸ ಹೆಂಗಿರ್ತೈತ್ರಿ?" ಎಂದು ಕೇಳಿದರು. ಚಹಾ ಕೊಟ್ಟು "ಚೊಲೊ ಇರ್ತೈತಪ್ಪ" ಎಂದು ಕಳಿಸಿಬಿಟ್ಟೆ. ಸುಳ್ಳು ಹೇಳಿ ಕಳಿಸಿದ ಹಾಗಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನೂ ಬಿ.ಎ. ಮಾಡಿದವನು. ಇತಿಹಾಸ ಮತ್ತು ರಾಜ್ಯಶಾಸ್ತ್ರ. ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡಿ ಕೋರ್ಟಿಗೆ ಸೇರಿದ ಮೊದಲ ದಿನ ನನಗೆ ಕೊಟ್ಟ ಕೆಲಸ, ನ್ಯಾಯಾಧೀಶರ ಕುರ್ಚಿಯ ಮೇಲಿನ ಪಾರಿವಾಳದ ಹಿಕ್ಕೆ ಒರೆಸುವುದು. ಅದನ್ನು ಒರೆಸುತ್ತಾ ಸರ್ಕಾರದ ಮೂರು ಅಂಗಗಳನ್ನು ನೆನೆದೆ. ಒಂದು ಅಂಗ ನನ್ನ ಕೈಗೆ ಸಿಕ್ಕಿತ್ತು.

ಕೂಗುವುದನ್ನು ಕಲಿಸಿದವರು ಹಿರಿಯ ದಫೇದಾರ್ ಇಮಾಮ್ ಸಾಬ್. ಎಲೆಯಡಿಕೆ ಹಾಕುತ್ತಿದ್ದರು, ಆದರೆ ಕೂಗುವ ಮೊದಲು ತಪ್ಪದೆ ಬಾಯಿ ಮುಕ್ಕಳಿಸುತ್ತಿದ್ದರು. "ನೋಡಪ್ಪ ಬಿ.ಎ., ಗಂಟ್ಲಿಂದ ಕೂಗಬ್ಯಾಡ, ಹೊಟ್ಟೆಯಿಂದ ಕೂಗು. ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಊರು. ಮೂರು ಸಲ. ಎರಡಕ್ಕೆ ನಿಲ್ಲಿಸಿದಿ ಅಂದ್ರ ಪಾಪ, ಮೂತ್ರಕ್ಕೆ ಹೋದವನ ಮೇಲೆ ವಾರಂಟ್ ಆಗ್ತೈತಿ. ಅವನ ಪಾಪ ನಿನಗ." ಇದೇ ನನ್ನ ತರಬೇತಿ. ಇದಕ್ಕಿಂತ ಹೆಚ್ಚಿನದನ್ನು ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ಕೂಗು ಒಬ್ಬ ಬಡವನನ್ನು ಜೈಲಿನಿಂದ ಉಳಿಸುತ್ತದೆ ಎಂದು ನಂಬಿದ್ದೆ. ಅದು ನಿಜವೂ ಹೌದು. ಅದಕ್ಕೇ ಆ ಅಭ್ಯಾಸ ಅಷ್ಟು ಗಟ್ಟಿಯಾಗಿ ಕೂತಿತು.

ಕೆಲವು ವರ್ಷ ಸಮನ್ಸ್ ಜಾರಿ ಮಾಡುವ ಕೆಲಸವನ್ನೂ ಮಾಡಿದೆ. ಒಮ್ಮೆ ಭಾನುವಳ್ಳಿಗೆ ಹೋಗಿ, ಬೀಗ ಹಾಕಿದ ಮನೆಯ ಬಾಗಿಲಿಗೆ ಸಮನ್ಸ್ ಅಂಟಿಸಿ, ಪಂಚರ ಸಹಿ ಪಡೆದು, ಹೆಮ್ಮೆಯಿಂದ ಬಸ್ಸು ಹತ್ತಿದೆ. ಅದು ಆ ಮನುಷ್ಯನ ಮನೆಯಲ್ಲ, ಸೊಸೈಟಿಯ ಗೊಬ್ಬರದ ಗೋದಾಮು. ಪಂಚರು ಇಬ್ಬರಿಗೂ ಅದು ಗೊತ್ತಿತ್ತಂತೆ. "ಮತ್ತೆ ಯಾಕ ಹೇಳಲಿಲ್ರೀ?" ಎಂದು ಕೇಳಿದ್ದಕ್ಕೆ "ಸಾಹೇಬ್ರು ಓದಿದೋರು, ಏನೋ ಕಾನೂನು ಇರಬೇಕು ಅಂತ ಸುಮ್ನಾದ್ವಿ" ಎಂದರು.

ಇನ್ನೊಮ್ಮೆ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಒಬ್ಬ ಸಾಕ್ಷಿಯನ್ನು ಹುಡುಕಬೇಕಿತ್ತು. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಇಮಾಮ್ ಸಾಬರ ಪಾಠದಂತೆ ಹೊಟ್ಟೆಯಿಂದ ಕೂಗಿದೆ. ಮೇಸ್ತ್ರಿ ಗಾಬರಿಯಾಗಿ ಮೇನ್ ಸ್ವಿಚ್ ಆರಿಸಿಬಿಟ್ಟ. ಯಾರದೋ ಕೈ ಸಿಕ್ಕಿಕೊಂಡಿದೆ ಎಂದುಕೊಂಡನಂತೆ. ಮಾಲೀಕರು ನನ್ನನ್ನು ಬೈದರು. ನಾನು ಮಾತ್ರ ಊಟದ ಬಿಡುವಿನಲ್ಲಿ ಅದನ್ನು ಕೋರ್ಟಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಯಂತ್ರ ನಿಲ್ಲಿಸಿದ ಗಂಟಲು. ಬಿ.ಎ. ಡಿಗ್ರಿಯ ಬಗ್ಗೆ ಜಂಬಪಡಲು ಏನೂ ಉಳಿದಿರಲಿಲ್ಲ. ಜಂಬಕ್ಕೆ ಏನಾದರೂ ಬೇಕಲ್ಲ.

ಕಾಲ ಬದಲಾಯಿತು. ಕೈಬರಹ ಹೋಗಿ ಕಂಪ್ಯೂಟರ್ ಬಂತು, ಕೇಸುಗಳ ಪಟ್ಟಿ ಗೋಡೆಯ ಪರದೆಯ ಮೇಲೆ ಬರತೊಡಗಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆಂದೇ ಬೇರೆ ಕಾಯ್ದೆ ಬಂತು; ಅಂಥ ಕೇಸುಗಳು ನಮ್ಮ ಕೋರ್ಟಿಗೆ ಬಂದವು. ಹೊಸದಾಗಿ ಬಂದ ನ್ಯಾಯಾಧೀಶರು ಒಬ್ಬ ಮಹಿಳೆ, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮಗು ಆರೋಪಿಯ ಮುಖ ನೋಡಬಾರದೆಂದು ಅವರೇ ಅಳತೆ ಹೇಳಿ ಪರದೆ ಹೊಲಿಸಿದರು. ಹಿಂದಿನ ಕೋಣೆಯಲ್ಲಿ ಎರಡು ಚಿಕ್ಕ ಕುರ್ಚಿ, ಬಣ್ಣದ ಪೆನ್ಸಿಲ್ ಇಡಿಸಿದರು. ಮಗುವಿನ ಹೆಸರನ್ನು ಕೂಗಬಾರದು, ಪಟ್ಟಿಯಲ್ಲಿ ಬರೆಯಬಾರದು, ಹಿಂದಿನ ಕೋಣೆಯಿಂದ ಸದ್ದಿಲ್ಲದೆ ಕರೆತರಬೇಕು ಎಂದು ಒಂದು ಸುತ್ತೋಲೆ ಮಾಡಿಸಿದರು. ಅದನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದವನು ನಾನೇ. ಗೋಂದು ಸರಿಯಾಗಿ ಹಿಡಿಯಲಿ ಎಂದು ಅಂಗೈಯಿಂದ ನಾಲ್ಕು ಮೂಲೆಯನ್ನೂ ಒತ್ತಿದ್ದೆ. ನಾನು ನಿಂತು ಕೂಗುವ ಜಾಗಕ್ಕೂ ಅದಕ್ಕೂ ಒಂದು ಮೊಳ ಅಂತರ.

ಆ ದಿನ ಕಾನೂನು ಕಾಲೇಜಿನ ಹುಡುಗ ಹುಡುಗಿಯರು ಕೋರ್ಟ್ ನೋಡಲು ಬಂದಿದ್ದರು. ಕಪ್ಪು ಕೋಟು ಹೊಸದು, ಇಸ್ತ್ರಿ ಗೆರೆ ಹೋಗಿರಲಿಲ್ಲ. ನಾನು ಮೊದಲ ಹೆಸರು ಕೂಗಿದಾಗ ಒಬ್ಬಳು ಬೆಚ್ಚಿ "ಅಯ್ಯಪ್ಪ, ಏನ್ ವಾಯ್ಸ್ ಮಾರಾಯ್ತಿ" ಎಂದಳು. ಆಮೇಲೆ ಒಂದಾದ ಮೇಲೊಂದು ಹನ್ನೊಂದು ಹೆಸರು ಕೂಗಿದೆ. ಹೊಗಳಿಕೆ ಕೇಳಿದವನ ಗಂಟಲಿಗೆ ದಣಿವಿಲ್ಲ. ಪೊಲೀಸ್ ಪೇದೆ ಹಾಜರಾದ ಸಾಕ್ಷಿಯ ಚೀಟಿ ತಂದುಕೊಟ್ಟ. ಅವನು ಅದರಲ್ಲಿ ಪೂರ್ತಿ ಹೆಸರು ಬರೆಯಬಾರದಿತ್ತು, ಬರೆದಿದ್ದ. ಚೀಟಿ ಕೈಗೆ ಬಂತು, ಬಾಯಿ ಕೂಗಿತು. ನಡುವೆ ಇರಬೇಕಾಗಿದ್ದ ತಲೆ ಆ ದಿನ ರಜೆಯಲ್ಲಿತ್ತು.

ಮೊದಲ ಸಲ ಕೂಗಿದಾಗಲೇ ಒಳಗೆ ಮೇಡಂ ತಲೆ ಎತ್ತಿದ್ದು ಕಣ್ಣಂಚಿಗೆ ಕಂಡಿತ್ತು. ಆದರೂ ನಿಲ್ಲಿಸಲಿಲ್ಲ. ಎರಡಕ್ಕೆ ನಿಲ್ಲಿಸಿದರೆ ಪಾಪವಲ್ಲವೇ. ಮೂರನೆಯದನ್ನು ಎಲ್ಲಕ್ಕಿಂತ ಚೆನ್ನಾಗಿ ಕೂಗಿದೆ.

ಆ ಹುಡುಗಿಯ ಊರಿನವರು ನಾಲ್ಕೈದು ಜನ ಬೇರೆ ಯಾವುದೋ ಜಮೀನಿನ ಕೇಸಿಗೆ ಬಂದಿದ್ದರು. ಒಬ್ಬಾತ ಪಕ್ಕದವನಿಗೆ "ಏ, ನಮ್ಮೂರ ಹುಡುಗಿ ಅಲ್ಲೇನೋ?" ಎಂದ. ಆಗ ನನ್ನ ಕಣ್ಣು ಗೋಡೆಯ ಸುತ್ತೋಲೆಯ ಮೇಲೆ ಬಿತ್ತು. ನಾಲ್ಕು ಮೂಲೆಯೂ ಗಟ್ಟಿಯಾಗಿ ಅಂಟಿಕೊಂಡಿತ್ತು.

ಮೇಡಂ ಒಳಗಿನಿಂದ "ಹೋಗಿ ನೋಡಿ" ಎಂದರು, ಅಷ್ಟೇ. ಹಿಂದಿನ ಕೋಣೆಗೆ ಓಡಿದೆ. ಬಣ್ಣದ ಪೆನ್ಸಿಲ್ ಮೇಜಿನ ಮೇಲಿದ್ದವು. ಹುಡುಗಿಯೂ ಇಲ್ಲ, ಜೊತೆಗೆ ಬಂದಿದ್ದ ಅಜ್ಜಿಯೂ ಇಲ್ಲ. ಆ ಕೋಣೆಯ ಕಿಟಕಿ ವರಾಂಡಕ್ಕೇ ತೆರೆಯುತ್ತಿತ್ತು.

ಗೇಟಿನ ಹತ್ತಿರ ಬಂದಾಗ ರಸ್ತೆಯಾಚೆ ಅವರು ಕಂಡರು. ಅಜ್ಜಿ ಮೊಮ್ಮಗಳ ತಲೆಯ ಮೇಲೆ ಸೆರಗು ಮುಚ್ಚಿ, ಬಸ್ಸಿನ ಕಡೆ ಸರಸರ ಹೋಗುತ್ತಿದ್ದಳು. ಅವರ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಇಬ್ಬರು. ಅವರಲ್ಲಿ ಒಬ್ಬನ ಗುರುತು ನನಗಿತ್ತು. ಆರೋಪಿ ಜಾಮೀನಿನ ಮೇಲೆ ಹೊರಗಿದ್ದ. ಅವನಿಗೆ ಜಾಮೀನು ನಿಂತವನು ಅವನ ಅಣ್ಣ. ಜಾಮೀನಿನ ದಿನ ಅವನನ್ನೂ ನಾನೇ ಕೂಗಿದ್ದೆ. ಅವನನ್ನು ಇಲ್ಲಿ ಚಂದ್ರಪ್ಪ ಎನ್ನೋಣ. ನಿಜವಾದ ಹೆಸರು ಬೇರೆ.

ಒಳಗೆ ಹೋಗಿ ಹೇಳಬೇಕಿತ್ತು. ಪೊಲೀಸರಿಗಾದರೂ ಹೇಳಬೇಕಿತ್ತು. ಯಾವ ಬುದ್ಧಿವಂತನೂ ಅದನ್ನೇ ಮಾಡುತ್ತಿದ್ದ. ನಾನು ಹರಿಹರದ ಬಸ್ಸಿನ ಹಿಂದೆ ಓಡಿ, ಚಲಿಸುತ್ತಿದ್ದಾಗಲೇ ಹತ್ತಿದೆ. ಪೇಟ, ಕೆಂಪು ಪಟ್ಟಿ, ಬಿಲ್ಲೆ ಎಲ್ಲ ಸಮೇತ. ಕಂಡಕ್ಟರ್ ಮೇಲಿಂದ ಕೆಳಗೆ ನೋಡಿ, "ಯಾವ ಮದುವಿ ಬ್ಯಾಂಡ್‌ನೋರ್ರಿ? ಬಾಕಿಯೋರು ಎಲ್ಲಿ?" ಎಂದ.

ಅಜ್ಜಿ ಮತ್ತು ಹುಡುಗಿ ಮುಂದೆ, ಎಡಗಡೆ ಸೀಟಿನಲ್ಲಿದ್ದರು. ಅವರ ಹಿಂದಿನ ಸೀಟಿನಲ್ಲೇ ಚಂದ್ರಪ್ಪ ಮತ್ತು ಅವನ ಜೊತೆಗಾರ. ನಾನು ಎರಡು ಸೀಟು ಹಿಂದೆ ಕಂಬಿ ಹಿಡಿದು ನಿಂತೆ. ಚಂದ್ರಪ್ಪ ಮುಂದಿನ ಸೀಟಿನ ಕಂಬಿಯ ಮೇಲೆ ಕೈ ಇಟ್ಟುಕೊಂಡು ಮೆತ್ತಗೆ ಮಾತಾಡುತ್ತಿದ್ದ. ಗದರುತ್ತಿರಲಿಲ್ಲ. ಮಳೆ ಬೆಳೆ ಮಾತಾಡುವವರ ಹಾಗೆ.

"ಯಮ್ಮಾ, ಇನ್ನು ಮುಚ್ಚಿಟ್ಟು ಏನ್ ಉಪಯೋಗ? ಕೋರ್ಟ್‌ನೋರೇ ಊರಿಗೆಲ್ಲ ಸಾರ್ಯಾರ. ಮುಂದಿನ ತಾರೀಕಿಗೆ ಬರಬ್ಯಾಡ್ರಿ. ಬಂದ್ರೆ ನೋಡ್ರಿ, ಹರಿಹರದ ಹೊಳಿ ಏನ್ ದೂರ ಇಲ್ಲ."

ಅಜ್ಜಿ ತಿರುಗಲಿಲ್ಲ. ಹುಡುಗಿಯ ತಲೆ ಸೆರಗಿನೊಳಗೆ ಇನ್ನಷ್ಟು ಇಳಿಯಿತು. ಕಂಬಿಯ ಮೇಲಿದ್ದ ಅವನ ಬೆರಳು ಆ ಸೆರಗಿಗೆ ನಾಲ್ಕು ಇಂಚು ದೂರದಲ್ಲಿತ್ತು. ಈಗಲೂ ನಾನು ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಯಾರಾದರೂ ಕೈ ಇಟ್ಟರೆ ಮೊದಲು ಆ ಅಂತರವನ್ನು ಅಳೆಯುತ್ತೇನೆ.

ಆಗ ನಾನು ಏನು ಮಾಡಿದೆ ಎಂದು ಕೇಳಬಹುದು. ಏನೂ ಮಾಡಲಿಲ್ಲ. ಬಸ್ಸು ಹಳ್ಳಿಯೊಂದರ ಸ್ಟಾಪಿನಲ್ಲಿ ನಿಂತಾಗಲೂ ಹಿಡಿದ ಕಂಬಿ ಬಿಡಲಿಲ್ಲ. ಸಂವಿಧಾನದ ಇಪ್ಪತ್ತೊಂದನೆಯ ವಿಧಿ, ಜೀವಿಸುವ ಹಕ್ಕು, ನೆನಪಿಗೆ ಬಂತು. ಪರೀಕ್ಷೆಯಲ್ಲಿ ಅದಕ್ಕೆ ಹತ್ತಕ್ಕೆ ಎಂಟು ಅಂಕ ತೆಗೆದಿದ್ದೆ.

ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಅಜ್ಜಿ ಊರಿನ ಬಸ್ಸು ನಿಲ್ಲುವ ಕಡೆ ನಡೆದಳು. ಅವರಿಬ್ಬರೂ ಹಿಂದೆಯೇ. ಚಂದ್ರಪ್ಪ ಒಂದು ಹೆಜ್ಜೆ ಮುಂದಾಗಿ ಅವರ ದಾರಿಗೆ ಅಡ್ಡ ನಿಂತ. ಹುಡುಗಿ ಅಜ್ಜಿಯ ಹಿಂದೆ ಸರಿದು ಕಂಬಕ್ಕೆ ಒತ್ತಿಕೊಂಡಳು. ಅಲ್ಲಿಂದ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ.

ನನಗೆ ಹೊಡೆದಾಡಲು ಬರುವುದಿಲ್ಲ. ಹುಟ್ಟಾ ಯಾರಿಗೂ ಒಂದೇಟು ಹಾಕಿದವನಲ್ಲ. ಬರುತ್ತಿದ್ದ ಕೆಲಸ ಒಂದೇ. ಬಾಯಿ ತಾನಾಗಿಯೇ ತೆರೆಯಿತು.

"ಜಾಮೀನುದಾರ ಚಂದ್ರಪ್ಪ ಬಿನ್ ತಿಪ್ಪಣ್ಣ, ಹಾಜರಿದ್ದರೆ ಹಾಜರಾಗಬೇಕು."

ಇಡೀ ಬಸ್‌ಸ್ಟ್ಯಾಂಡ್ ತಿರುಗಿತು. ಶೇಂಗಾ ಮಾರುವವಳ ಕೈಯಲ್ಲಿ ಪೊಟ್ಟಣ ಅರ್ಧಕ್ಕೇ ನಿಂತಿತು. ಎರಡನೆಯ ಸಲ ಕೂಗಿದೆ. ಜನ ನನ್ನನ್ನು, ನನ್ನ ಪೇಟವನ್ನು, ನಾನು ನೋಡುತ್ತಿದ್ದ ಮನುಷ್ಯನನ್ನು ನೋಡತೊಡಗಿದರು. ಮೂರನೆಯ ಸಲ ಕೂಗಿದಾಗ ಚಂದ್ರಪ್ಪನಿಗೆ ಏನಾಯಿತೋ, ಚಪ್ಪಲಿ ಬಿಟ್ಟು, ಕೈ ಕಟ್ಟಿ, "ಹಾಜರಿದೀನಿ ಸ್ವಾಮಿ" ಎಂದುಬಿಟ್ಟ. ಅವನಿಗೂ ಅಭ್ಯಾಸ. ಎಷ್ಟು ವರ್ಷದಿಂದ ಎಷ್ಟು ಕೇಸಿಗೆ ಓಡಾಡಿದವನೋ. ಹೇಳಿದ ಮೇಲೆ ಸುತ್ತ ನೋಡಿದ, ಚಪ್ಪಲಿ ಹುಡುಕಿದ. ಅಷ್ಟರಲ್ಲಿ ಜನ ಸೇರಿದ್ದರು. ಬಸ್‌ಸ್ಟ್ಯಾಂಡಿನ ಪೇದೆ ಬಂದು "ಏನ್ರಿ ಇದು ಗಲಾಟೆ?" ಎಂದ. ನಾನು ಹೇಳತೊಡಗಿದೆ, ದನಿ ಹೊರಡಲಿಲ್ಲ. ಮೂವತ್ತೊಂದು ವರ್ಷ ಕೈಕೊಡದ ಗಂಟಲು ಅಲ್ಲಿ ಕೈಕೊಟ್ಟಿತು. ಅಜ್ಜಿಯೇ ಎಲ್ಲವನ್ನೂ ಹೇಳಿದಳು. ಮೊಮ್ಮಗಳ ಹೆಸರೊಂದನ್ನು ಬಿಟ್ಟು.

ಪೇದೆ ಆ ಇಬ್ಬರನ್ನೂ ಠಾಣೆಗೆ ಕರೆದೊಯ್ದ. ಅಜ್ಜಿ ಮತ್ತು ಹುಡುಗಿ ತಮ್ಮ ಬಸ್ಸು ಹತ್ತಿದರು. ನಾನು ಕಲ್ಲುಬೆಂಚಿನ ಮೇಲೆ ಕೂತೆ. ಪೇಟ ಉರುಳಿ ಬಸ್ಸಿನಡಿ ಹೋಯಿತು. ಬಸ್ಸು ಹೊರಟ ಮೇಲೆ ಎತ್ತಿಕೊಂಡೆ, ರೊಟ್ಟಿಯಾಗಿತ್ತು.

ಕೋರ್ಟಿಗೆ ವಾಪಸಾದಾಗ ಮಧ್ಯಾಹ್ನ ಮೂರು. ಹೇಳದೆ ಕೇಳದೆ ಕರ್ತವ್ಯ ಬಿಟ್ಟು ಹೋದದ್ದಕ್ಕೆ ಶಿರಸ್ತೇದಾರರು ನೋಟಿಸು ಸಿದ್ಧ ಮಾಡಿ ಇಟ್ಟಿದ್ದರು. ಸಹಿ ಹಾಕಿ ತೆಗೆದುಕೊಂಡೆ. ಮೇಡಂ ಕೋಣೆಗೆ ಕರೆದರು.

"ಏನು ಓದಿದ್ದೀರಿ?"

"ಬಿ.ಎ. ಮೇಡಂ."

"ಗೋಡೆ ಮೇಲಿರೋದನ್ನು ಓದಿದ್ದೀರಾ?"

ಓದಿದ್ದೆ. ಬಾಯಿಪಾಠವಿತ್ತು. ಅಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ, ಶಾಲಾ ಮಗುವಿನ ಹಾಗೆ. ಕೇಳಿಸಿಕೊಂಡು ಅವರು ಕನ್ನಡಕ ತೆಗೆದಿಟ್ಟರು. "ಆ ಕಿಟಕಿ ವರಾಂಡಕ್ಕೆ ತೆರೆಯುತ್ತೆ ಅಂತ ನನಗೂ ಗೊತ್ತಿತ್ತು. ಹೋಗಿ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಬೆದರಿಕೆಯ ವಿಷಯ ದಾಖಲಾಯಿತು, ಆರೋಪಿಯ ಜಾಮೀನು ರದ್ದಾಯಿತು. ಆದರೆ ಆ ಹುಡುಗಿ ಬಂದು ಹೇಳದೆ ಕೇಸು ಮುಂದೆ ಹೋಗುವಂತಿರಲಿಲ್ಲ. ನಡೆದದ್ದು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಮುಂದಿನ ತಾರೀಕಿಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅವಳ ನೆರವಿಗೆ ನೇಮಕವಾಗಿದ್ದ ಒಬ್ಬ ಹೆಣ್ಣುಮಗಳು ಊರಿಗೆ ಹೋಗಿಬಂದು ಹೇಳಿದಳು: "ಶಾಲೆಗೂ ಹೋಗ್ತಿಲ್ರಿ. ಹುಡುಗ್ರು ಅವಳನ್ನ ಕೋರ್ಟು ಅಂತ ಕರೀತಾರಂತೆ."

ಆವತ್ತಿನಿಂದ ನನ್ನ ನಿದ್ದೆ ಕೆಟ್ಟಿತು. ನಿದ್ದೆ ಹತ್ತುತ್ತಿತ್ತು, ನಿಲ್ಲುತ್ತಿರಲಿಲ್ಲ. ನಿದ್ದೆಯಲ್ಲಿ ಕೂಗುತ್ತೇನೆಂದು ನನ್ನ ಹೆಂಡತಿ ಹೇಳುತ್ತಿದ್ದಳು. ಹೆಸರಿಲ್ಲ, ಊರಿಲ್ಲ, ಬರೀ "ಹಾಜರಾಗಬೇಕು". ಪಕ್ಕದ ಮನೆಯವರು ಮರ್ಯಾದೆಗೆ ಏನೂ ಅನ್ನಲಿಲ್ಲ. ಕಿಟಕಿಗೆ ಗಾಜು ಹಾಕಿಸಿಕೊಂಡರು.

ಅಷ್ಟರಲ್ಲಿ ನಿವೃತ್ತನಾದೆ. ಹಾರ, ಶಾಲು, ಗೋಡೆ ಗಡಿಯಾರ. ಇಡೀ ಊರಿನಲ್ಲಿ ಕೊಡಲು ಬೇರೆ ಏನೂ ಸಿಗಲಿಲ್ಲವೇ ಎನಿಸಿತು. ಹನ್ನೊಂದು ಹತ್ತಕ್ಕೆ ಅದನ್ನು ನೋಡಬಾರದೆಂದು ಅಡುಗೆಮನೆಯಲ್ಲಿ ತೂಗುಹಾಕಿದೆ. ಈಗ ಅಷ್ಟು ಹೊತ್ತಿಗೆ ಚಹಾ ಬೇಕೆನಿಸಿ ಅಡುಗೆಮನೆಗೇ ಹೋಗುತ್ತೇನೆ.

ನಿವೃತ್ತನಾದ ಕೆಲವು ವಾರಕ್ಕೆ ಶಾಸಕರ ಒಂದು ಸಮಿತಿ ದಾವಣಗೆರೆಗೆ ಬಂತು. ಮಕ್ಕಳ ರಕ್ಷಣೆಯ ಕಾನೂನಿಗೆ ಏನೇನು ತಿದ್ದುಪಡಿ ಬೇಕು ಎಂದು ಜಿಲ್ಲೆ ಜಿಲ್ಲೆಯಲ್ಲಿ ಅಭಿಪ್ರಾಯ ಕೇಳುತ್ತಿದ್ದರು. ವಕೀಲರು, ವೈದ್ಯರು, ಪೊಲೀಸರು, ಮೇಷ್ಟ್ರುಗಳು. ಕೋರ್ಟಿನ ಕೆಳಗಿನ ನೌಕರರ ಪೈಕಿಯೂ ಒಬ್ಬರಿರಲಿ ಎಂದಾಗ ಮೇಡಂ ನನ್ನ ಹೆಸರು ಕೊಟ್ಟರಂತೆ. ಮೂರು ದಿನ ಕೂತು ಹದಿನಾಲ್ಕು ಪುಟದ ಭಾಷಣ ಬರೆದೆ. ಪೀಠಿಕೆಯಲ್ಲಿ ಸರ್ಕಾರದ ಮೂರು ಅಂಗಗಳು ಬಂದಿದ್ದವು. "ಪಾರಿವಾಳದ್ದೂ ಬರ್ದೀರೇನು?" ಎಂದಳು ಹೆಂಡತಿ.

ಸಭೆಯಲ್ಲಿ ಬೆಳಗಿನಿಂದ ಶಾಸಕರದೇ ಚರ್ಚೆ. ಹಿರಿಯರೊಬ್ಬರು ಶಿಕ್ಷೆ ಸಾಲದು, ಗಲ್ಲು ಎಲ್ಲಕ್ಕೂ ಆಗಲಿ ಎಂದರು. ಇನ್ನೊಬ್ಬರು, ಗಲ್ಲು ಎಂದರೆ ಮನೆಯವರೇ ದೂರು ಕೊಡಲು ಹೆದರುತ್ತಾರೆ, ತಪ್ಪು ಮಾಡುವವರು ಹೆಚ್ಚಾಗಿ ಗುರುತಿನವರೇ ಇರುತ್ತಾರಲ್ಲ ಎಂದರು. ಮೂರನೆಯವರು ಸುಳ್ಳು ದೂರಿನ ಮಾತೆತ್ತಿದರು. ಹಿಂದಿನ ಸರ್ಕಾರದ ಮಾತು ಬಂತು. ಅದು ಬಂದ ಮೇಲೆ ಮಕ್ಕಳ ಮಾತು ಸ್ವಲ್ಪ ಹೊತ್ತು ಹೋಯಿತು. ಊಟಕ್ಕೆ ಹತ್ತು ನಿಮಿಷ ಇದ್ದಾಗ ನನಗೆ ಮೂರು ನಿಮಿಷ ಕೊಟ್ಟರು.

ಮೈಕಿನ ಮುಂದೆ ನಿಂತು ನಮಸ್ಕಾರ ಎಂದೆ. ಮೈಕಿಗೆ ನನ್ನ ಗಂಟಲಿನ ಪರಿಚಯವಿರಲಿಲ್ಲ. ಕೀರಲು ಸದ್ದು ಹೊರಟು, ಮುಂದಿನ ಸಾಲಿನ ಶಾಸಕರ ಚಹಾ ಬಿಳಿ ಅಂಗಿಯ ಮೇಲೆ ಹೋಯಿತು. ಹದಿನಾಲ್ಕು ಪುಟ ನೆಲದ ಮೇಲೆ ಹರಡಿಕೊಂಡವು. ಬಗ್ಗಿ ಆರಿಸುವಷ್ಟರಲ್ಲಿ ಒಂದು ನಿಮಿಷ ಮುಗಿದಿತ್ತು. ಹಾಗಾಗಿ ಪುಟ ಬಿಟ್ಟು, ಮೈಕನ್ನೂ ಬಿಟ್ಟು, ನಡೆದದ್ದನ್ನೇ ಹೇಳಿದೆ.

ಅಂಗಿ ಒರೆಸಿಕೊಳ್ಳುತ್ತಿದ್ದವರು, "ಹೆಸರು ಹೇಳಬಾರದು ಅಂತ ಈಗಾಗಲೇ ಕಾನೂನು ಐತಲ್ರೀ" ಎಂದರು.

"ಐತ್ರಿ ಸರ್. ಗೋಡೆಗೆ ನಾನೇ ಅಂಟಿಸಿದ್ದು. ಆದ್ರೂ ಕೂಗಿದೆ."

ಸಮಿತಿಯಲ್ಲಿ ಒಬ್ಬರೇ ಮಹಿಳೆ ಇದ್ದರು. ಅವರು ಬರೆಯುವುದು ನಿಲ್ಲಿಸಿ, "ಯಾಕ ಕೂಗಿದ್ರಿ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದು.

"ಅಭ್ಯಾಸ ಆಗಿತ್ರಿ ಮೇಡಂ. ಹೊಗಳಿದ್ರು ಅಂತ ಹುರುಪೂ ಇತ್ತು."

"ಈಗ ನಾವೇನು ಬರೀಬೇಕು ಅಂತೀರಿ?"

"ಗಲ್ಲು ಕೊಡೋದು ಬಿಡೋದು ದೊಡ್ಡೋರಿಗೆ ಬಿಟ್ಟದ್ದು. ನನಗೆ ಗೊತ್ತಿರೋದು ಬಾಗಿಲು ಒಂದೇ. ಮಗು ಆ ಬಾಗಿಲಿಗೆ ಬರದ ಹಂಗೆ ಬೇರೆ ಬಾಗಿಲು ಇರಲಿ. ಚೀಟಿ ಮೇಲೆ ನಂಬರ್ ಬಿಟ್ಟು ಏನೂ ಇರಬಾರದು, ನನ್ನಂಥವನ ಕೈಗೆ ಹೆಸರು ಸಿಗಲೇಬಾರದು. ಮತ್ತೆ, ಹೇಳಿಕೆ ಕೊಟ್ಟ ಮಗು ಬಸ್ಸಿನಲ್ಲಿ ಯಾರ ಜೊತೆ ಮನೆಗೆ ಹೋಗ್ಬೇಕು ಅಂತ ಒಂದು ಸಾಲು ಬರೀರಿ."

ಹಿರಿಯರು, "ಬಸ್ಸು ಗಿಸ್ಸು ಕಾಯ್ದೆಯಲ್ಲಿ ಬರಲ್ಲಪ್ಪ, ಅದು ನಿಯಮದಲ್ಲಿ ಬರಬೇಕು" ಎಂದರು. ಎಲ್ಲರೂ ಊಟಕ್ಕೆ ಎದ್ದರು. ಆ ಮಹಿಳೆ ಮಾತ್ರ ಇನ್ನೂ ಬರೆಯುತ್ತಿದ್ದರು.

ಆಮೇಲೆ ವಿಧಾನಸಭೆಯಲ್ಲಿ ಆ ಚರ್ಚೆ ನಡೆದ ದಿನ ಟೀವಿ ಮುಂದೆ ಕೂತೆ. ಬಹಳ ಹೊತ್ತು ಗದ್ದಲವೇ. ಕೊನೆಗೆ ಆ ಶಾಸಕಿಗೆ ಸ್ವಲ್ಪ ಸಮಯ ಸಿಕ್ಕಿತು. ಬೇರೆ ಬಾಗಿಲು, ನಂಬರಿನ ಚೀಟಿ, ಮನೆಯವರೆಗೆ ಜೊತೆ, ಮೂರನ್ನೂ ಹೇಳಿದರು. "ಒಬ್ಬ ನಿವೃತ್ತ ದಫೇದಾರರು ನನಗೆ ಹೇಳಿದ್ದು" ಎನ್ನುವಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಪರಿಶೀಲಿಸಲಾಗುವುದು ಎಂದು ಉತ್ತರ ಬಂತು.

"ನಿಮ್ಮ ಹೆಸರೇ ಹೇಳಲಿಲ್ಲಲ್ರಿ" ಎಂದಳು ಹೆಂಡತಿ.

"ಹೇಳದೇ ಇದ್ದದ್ದೇ ಚೊಲೊ ಆತು" ಎಂದೆ. ಅಷ್ಟು ಹೊತ್ತಿಗೆ ಅದನ್ನು ಕಲಿತಿದ್ದೆ.

ಮೇಲಿನವರು ಪರಿಶೀಲಿಸುತ್ತಿರಲಿ ಎಂದು ನಮ್ಮ ಮೇಡಂ ಕಾಯಲಿಲ್ಲ. ಹಳೆಯ ಕಡತಗಳ ಕೋಣೆಗೆ ಹಿತ್ತಲ ಕಡೆ ಒಂದು ಬಾಗಿಲಿತ್ತು, ಬೀರು ಅಡ್ಡ ಇಟ್ಟು ಮುಚ್ಚಿದ್ದರು. ಬೀರು ಸರಿಸಿ ಅದನ್ನು ತೆಗೆಸಿದರು. ಒಂದು ದಿನ ಆ ನೆರವಿನ ಹೆಣ್ಣುಮಗಳು ನನಗೆ ಫೋನ್ ಮಾಡಿದಳು.

"ಅಂಕಲ್, ಹುಡುಗಿ ಬರ್ತೀನಿ ಅಂದಾಳ್ರಿ. ಆದ್ರೆ ಒಂದು ಷರತ್ತು. ಬಸ್‌ಸ್ಟ್ಯಾಂಡಿನಾಗೆ ಆ ಮನುಷ್ಯನ್ನ ಚಪ್ಪಲಿ ಬಿಡಿಸಿದ ಅಜ್ಜ ಜೊತೆಗೆ ಬರಬೇಕಂತೆ."

ಹರಿಹರದ ಬಸ್‌ಸ್ಟ್ಯಾಂಡಿಗೆ ಒಂದು ಗಂಟೆ ಮೊದಲೇ ಹೋಗಿ ಅದೇ ಕಲ್ಲುಬೆಂಚಿನ ಮೇಲೆ ಕೂತೆ. ಊರಿನ ಬಸ್ಸಿನಿಂದ ಅಜ್ಜಿ, ಹುಡುಗಿ, ನೆರವಿನ ಹೆಣ್ಣುಮಗಳು ಮೂವರೂ ಇಳಿದರು. ನಾನು ಎದ್ದು ಮುಂದೆ ನಿಂತೆ. ಹುಡುಗಿ ನನ್ನನ್ನು ದಾಟಿ ಹುಡುಕತೊಡಗಿದಳು. ನನ್ನ ವೇಷ ಈಗ ಪ್ಯಾಂಟು, ಅರ್ಧ ತೋಳಿನ ಅಂಗಿ, ಬೋಳು ತಲೆ.

"ಇವರೇ ನೋಡವ್ವ" ಎಂದಳು ಅಜ್ಜಿ.

ಹುಡುಗಿ ಮೇಲೆ ಕೆಳಗೆ ನೋಡಿ, "ಇವರಲ್ಲ. ಅವರು ಉದ್ದ ಇದ್ರು" ಎಂದಳು.

"ಪೇಟದ ಎತ್ತರ ಕೂಡಿಸಿ ನೋಡವ್ವ" ಎಂದೆ.

ಅವಳು ನಂಬಲಿಲ್ಲ. "ಹಂಗಾದ್ರೆ ಕೂಗ್ರಿ."

ಅದೊಂದು ಕೆಲಸ ನನ್ನಿಂದ ಆಗುವುದಿಲ್ಲ ಎಂದೆ. ಯಾಕೆ ಎಂದಳು. ನಿನ್ನ ಹೆಸರು ಕೂಗಿದವನೂ ನಾನೇ, ಎಂದೆ. ಅಜ್ಜಿ ನೆಲ ನೋಡಿದಳು. ಹುಡುಗಿಗೆ ಅದು ಮೊದಲೇ ಗೊತ್ತಿತ್ತು. "ದನಿ ಅದೇ ಅಂತ ಅವತ್ತೇ ಗೊತ್ತಾತು. ಅದಕ್ಕೇ ಅವನ ಹೆಸರು ಕೂಗಿದಾಗ ಚೊಲೊ ಅನಿಸ್ತು" ಎಂದು, ಅಜ್ಜಿಯ ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು. ಅವರ ಹಿಂದಿನ ಸೀಟಿನಲ್ಲಿ ನಾನು ಕೂತೆ. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಹಿತ್ತಲ ಬಾಗಿಲಿನಿಂದ ಅವರನ್ನು ಒಳಗೆ ಬಿಟ್ಟು, ನಾನು ಮುಂದಿನ ವರಾಂಡಕ್ಕೆ ಹೋಗಿ ಸಾರ್ವಜನಿಕರ ಬೆಂಚಿನ ಮೇಲೆ ಕೂತೆ. ನನ್ನ ಜಾಗದಲ್ಲಿ ಆ ಎಂ.ಕಾಂ. ಹುಡುಗ ನಿಂತಿದ್ದ. ಗಡಿಯಾರ ಹನ್ನೊಂದು ಹತ್ತಾಯಿತು. ಹುಡುಗ ಕೈಯಲ್ಲಿದ್ದ ಚೀಟಿ ನೋಡಿದ. ನಾನು ಬೆಂಚಿನ ತುದಿಗೆ ಸರಿದೆ. ಅವನು ಏನೂ ಅನ್ನದೆ ಒಳಗೆ ಹೋಗಿ, ಹಿಂದಿನ ಕೋಣೆಯ ಕಡೆ ಸುಮ್ಮನೆ ಕೈ ಸನ್ನೆ ಮಾಡಿದ. ಬಾಗಿಲು ಮುಚ್ಚಿತು. ವರಾಂಡದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಒಬ್ಬಾತ ಆಕಳಿಸಿದ.

ಒಂದು ಗಂಟೆಯ ಮೇಲೆ ಹಿತ್ತಲ ಕಡೆ ಅವಳು ಹೊರಗೆ ಬಂದಳು. ಮುಖ ಬಾಡಿತ್ತು, ಕಣ್ಣು ಕೆಂಪಾಗಿತ್ತು. ನೆರವಿನ ಹೆಣ್ಣುಮಗಳು ನನಗೆ, "ಎಲ್ಲಾ ಹೇಳಿದ್ಲು ಅಂಕಲ್" ಎಂದಳು. ಹುಡುಗಿ ನನ್ನ ಕಡೆ ನೋಡಿ, "ಹಸಿವಾಗೈತಿ" ಎಂದಳು. ನಾಲ್ಕು ಜನಕ್ಕೂ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಅವಳ ಪಾಲಿನದನ್ನು ತಿಂದು, ನನ್ನದರಲ್ಲಿ ಒಂದು ಮಿರ್ಚಿಯನ್ನೂ ತೆಗೆದುಕೊಂಡಳು. ಅವರ ಊರಿನ ಮನೆ ಬಾಗಿಲವರೆಗೆ ಹೋಗಿ, ಅಲ್ಲಿಂದ ಹಿಂತಿರುಗಿದೆ.

ಕೇಸು ಇನ್ನೂ ತೀರ್ಪಿಗೆ ಬಂದಿಲ್ಲ. ಶಾಸಕರು ಇನ್ನೂ ಪರಿಶೀಲಿಸುತ್ತಿದ್ದಾರೆ. ಹುಡುಗರೇ, ನಿಮಗೆ ಹೇಳುವುದು ಇಷ್ಟೇ: ಚೀಟಿ ಕೈಗೆ ಬಂದಾಗ ಒಂದು ಸಲ ಉಸಿರು ಬಿಟ್ಟು, ಆಮೇಲೆ ಬಾಯಿ ತೆಗೆಯಿರಿ. ಗಂಟಲು ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದ ದಿನ ಎರಡು ಸಲ ಬಿಡಿ.

ಹುಡುಗಿಯನ್ನು ಊರು ಮುಟ್ಟಿಸಿದ ಆ ದಿನ ಮನೆಗೆ ಬಂದು ಊಟ ಮಾಡಿ ಮಲಗಿದ್ದೊಂದು ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಳು.

"ಎಂಟೂವರೆ ಆತು, ಏಳ್ರಿ" ಎಂದಳು. ಒಂದು ಹೆಜ್ಜೆ ಹೋಗಿ ತಿರುಗಿ, "ರಾತ್ರಿ ಯಾರನ್ನೂ ಕರೀಲಿಲ್ಲ ನೀವು" ಎಂದಳು.